ಒಂದು ಪಾಯಿಂಟಿಗೆ ಎರಡು ಲಕ್ಷ

ನನ್ನ ಕ್ರೀಡಾಜೀವನ ಒಟ್ಟು ನಾಲ್ಕು ನಿಮಿಷದ್ದು. ಏಳನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯ ಹುತೂತು, ಅಂದರೆ ಕಬಡ್ಡಿ, ತಂಡದ ಒಬ್ಬನಿಗೆ ಜ್ವರ ಬಂತು. ಲೆಕ್ಕಕ್ಕೆ ಏಳು ಜನ ಬೇಕಲ್ಲ ಎಂದು ನನ್ನನ್ನು ಎಳೆದು ನಿಲ್ಲಿಸಿದರು. ಎದುರಿನ ಹುಡುಗ ಉಸಿರು ಹಿಡಿದು ಬಂದ, ಎಲ್ಲರನ್ನೂ ಬಿಟ್ಟು ನನ್ನನ್ನೇ ಮುಟ್ಟಿದ, ಹೋದ. ನಾನು ಗೆರೆಯ ಹೊರಗೆ ಹೋಗಿ ಕುಳಿತೆ. ಆಮೇಲೆ ನಮ್ಮವರು ಅವರ ಒಬ್ಬನನ್ನು ಹಿಡಿದಾಗ ನಿಯಮದ ಪ್ರಕಾರ ನಾನು ಮತ್ತೆ ಒಳಗೆ ಬರಬಹುದಿತ್ತು. ಯಾರೂ ಕರೆಯಲಿಲ್ಲ, ನಾನೂ ನೆನಪಿಸಲಿಲ್ಲ. ಹೊರಗೆ ಕುಳಿತರೆ ಆಟ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ, ಆಡುವವರ ತಪ್ಪುಗಳು ಎಷ್ಟು ಸುಲಭವಾಗಿ ತಿಳಿಯುತ್ತವೆ ಎಂಬುದು ಅವತ್ತು ನನಗೆ ಗೊತ್ತಾಯಿತು. ಅಂದಿನಿಂದ ನಲವತ್ತೈದು ವರ್ಷ ಅಲ್ಲಿಂದ ಎದ್ದೇ ಇಲ್ಲ.

ಈ ಯೋಗ್ಯತೆಯ ಮೇಲೆಯೇ ನಾನು ಒಬ್ಬ ಆಟಗಾರನ ಬೆಲೆ ಕಟ್ಟಿದೆ. ಅದರ ಕಥೆಯನ್ನು ಹೇಳಿಬಿಡುತ್ತೇನೆ. ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ; ಆಗುವುದಿಲ್ಲ ಎಂದು ಒಮ್ಮೆ ಹೇಳಿ ನೋಡಿದ ಮೇಲೆ ತಿಳಿದಿದೆ. ಆದರೂ ನಿಮ್ಮ ಮುಂದೆ ಹೇಳದೆ ಇನ್ನಾರ ಮುಂದೆ ಹೇಳಲಿ?

ನನ್ನ ಮನೆ ಬೆಳಗಾವಿಯ ರಾಮತೀರ್ಥ ನಗರದಲ್ಲಿ, ಕಚೇರಿ ಖಾನಾಪುರದಲ್ಲಿ. ಜಮೀನಿನ ಪಹಣಿ ಉತಾರ, ನಕಾಶೆ, ಹದ್ದುಬಸ್ತಿನ ಕಾಗದಗಳ ಗುಮಾಸ್ತಿಕೆ. ದಿನಾ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಹೋಗುವವರು ನಾವು ಹತ್ತು ಹದಿನೈದು ಜನ. ನಮ್ಮಲ್ಲಿ ಪಾಯಪ್ಪ ಎಂಬ ಗೆಳೆಯ ಖಾನಾಪುರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು. ಜೈನರ ಮನೆಯವನು, ಮಾತು ಕಡಿಮೆ. ಅವನ ಬುತ್ತಿಯಲ್ಲಿ ಮಾತ್ರ ಯಾವಾಗಲೂ ಎರಡು ರೊಟ್ಟಿ ಹೆಚ್ಚಿಗೆ ಇರುತ್ತಿದ್ದವು.

ಆ ಹೆಚ್ಚಿನ ರೊಟ್ಟಿಗಳು ವಿಠ್ಠಲನಿಗೆ. ವಿಠ್ಠಲ ನಂದಗಡದ ಕಡೆಯ ಹುಡುಗ. ಅಪ್ಪ ಬೀರಪ್ಪ ಕುರಿ ಕಾಯುತ್ತ, ಎರಡು ಎಕರೆ ಭತ್ತ ಮಾಡಿಕೊಂಡು ಇದ್ದವನು. ಹುಡುಗ ನಸುಕಿನ ಬಸ್ಸಿಗೆ ಬೆಳಗಾವಿಗೆ ಬಂದು, ಕಬಡ್ಡಿ ತಾಲೀಮು ಮುಗಿಸಿ, ನಮ್ಮ ಜೊತೆ ಒಂಬತ್ತರ ಬಸ್ಸಿಗೆ ಖಾನಾಪುರದ ಕಾಲೇಜಿಗೆ ಮರಳುತ್ತಿದ್ದ. ನಿಂತಲ್ಲೇ ನಿದ್ದೆ ಮಾಡುವ ವಿದ್ಯೆ ಅವನಿಗಿತ್ತು. ಪೀರನವಾಡಿ ದಾಟಿದ ಮೇಲೆ ಪಾಯಪ್ಪ ಅವನ ಅಂಗಿ ಜಗ್ಗಿ ಎಬ್ಬಿಸಿ, ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೈಗೆ ಕೊಡುತ್ತಿದ್ದ. ಹುಡುಗ ನಮ್ಮೆಲ್ಲರ ಮುಖ ನೋಡಿ ಒಮ್ಮೆ ನಕ್ಕು ತಿನ್ನುತ್ತಿದ್ದ. ಅವನು ತಂಡದಲ್ಲಿ ಏನು ಮಾಡುತ್ತಾನೆ, ಎಲ್ಲಿ ನಿಲ್ಲುತ್ತಾನೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಕೇಳುವುದೇನಿತ್ತು? ನನಗೆ ಕಬಡ್ಡಿ ಗೊತ್ತಿತ್ತಲ್ಲ.

ಮೂರು ವರ್ಷದ ಮೇಲೆ, ದೊಡ್ಡ ಪಂದ್ಯಾವಳಿಯೊಂದರ ಹರಾಜಿನಲ್ಲಿ ಅವನನ್ನು ಒಂದು ತಂಡದವರು ಹನ್ನೆರಡು ಲಕ್ಷಕ್ಕೆ ಕೊಂಡರು. ಬಸ್ಸಿನಲ್ಲಿ ಪೇಢೆ ಹಂಚಿದವನು ನಾನೇ. ನಮ್ಮ ರೊಟ್ಟಿ ತಿಂದವನು ಎಂದು ಎಲ್ಲರಿಗೂ ಹೇಳಿದೆ. ರೊಟ್ಟಿ ಪಾಯಪ್ಪನದು ಎಂಬ ಸಣ್ಣ ವಿವರವನ್ನು ಬಿಟ್ಟೆ.

ಹರಾಜು ಎಂಬ ಶಬ್ದದಲ್ಲೇ ಏನೋ ದೋಷವಿದೆ ಎಂದು ಈಗ ಅನ್ನಿಸುತ್ತದೆ. ನಮ್ಮ ಕಡೆ ಸಂಬಳಕ್ಕೆ ಪಗಾರ ಎನ್ನುತ್ತೇವೆ. ಅದು ಪೋರ್ತುಗೀಸರ ಮಾತಂತೆ. ಗೋವೆಯಿಂದ ಘಟ್ಟ ಹತ್ತಿ ಖಾನಾಪುರದ ಮೇಲೆ ಹಾಯ್ದೇ ಬೆಳಗಾವಿಗೆ ಬಂದಿರಬೇಕು. ಸಂಬಳ ಎಂಬ ಮಾತಿನ ಮೂಲ ಇನ್ನೂ ಚೆಂದ. ಸಂಸ್ಕೃತದ ಶಂಬಲ, ಅಂದರೆ ದಾರಿಯ ಬುತ್ತಿ. ಹೊರಟವನು ಊರು ಮುಟ್ಟುವವರೆಗೆ ಹಸಿಯದಿರಲಿ ಎಂದು ಕಟ್ಟಿಕೊಡುವ ಗಂಟು. ಬುತ್ತಿ ಕಟ್ಟಿಕೊಟ್ಟವರು ಯಾರೂ ಒಂದು ತುತ್ತಿಗೆ ಎಷ್ಟು ಹೆಜ್ಜೆ ನಡೆದೆ ಎಂದು ಕೇಳುವುದಿಲ್ಲ. ಹರಾಜಿನಲ್ಲಿ ಕೂಗುವುದು ಬೇರೆ. ಅಲ್ಲಿ ಕೂಗಿದ ಅಂಕಿ ಮನುಷ್ಯನ ಮೈಗೇ ಅಂಟಿಕೊಂಡುಬಿಡುತ್ತದೆ. ಟಿವಿಯಲ್ಲಿ ವಿಠ್ಠಲ ಬಂದಾಗಲೆಲ್ಲ ನನಗೆ ಅವನ ಹೆಸರಿನ ಮೊದಲು ಹನ್ನೆರಡು ಲಕ್ಷ ಕಾಣುತ್ತಿತ್ತು.

ಎಂಟು ಪಂದ್ಯ ಮುಗಿದವು. ಅವನ ಹೆಸರಿನ ಮುಂದೆ ಆರೇ ಪಾಯಿಂಟು. ಅದೇ ತಂಡದಲ್ಲಿ ಅವನ ಬಾಜೂಕ್ಕೆ ನಿಲ್ಲುವ ಹರಿಯಾಣದ ಹುಡುಗನಿಗೆ ಮೂವತ್ತರ ಹತ್ತಿರ. ಬಸ್ಸಿನಲ್ಲಿ ಗೊಣಗಾಟ ಶುರುವಾಯಿತು. ಹುಡುಗನಿಗೆ ರೊಕ್ಕ ಬಂದು ಮೈ ಭಾರ ಆಗಿದೆ ಎಂದ ಒಬ್ಬ. ಪಾಯಪ್ಪ ಮಾತ್ರ, ರೊಕ್ಕ ಕೊಟ್ಟವರು ಕೇಳಲಿ, ನಾವು ಏನು ಕೊಟ್ಟೀವಿ ಎಂದು ಒಂದೇ ಮಾತು ಅಂದು ಕಿಟಕಿಯ ಕಡೆ ತಿರುಗಿದ. ನನಗೆ ಅದು ರುಚಿಸಲಿಲ್ಲ. ಅಭಿಮಾನಿಗೆ ಕೇಳುವ ಹಕ್ಕಿಲ್ಲವೇ? ಸಂಜೆಯೆಲ್ಲ ಟಿವಿಯ ಮುಂದೆ ಕುಳಿತು ಸವೆಸಿದ್ದು ನನ್ನದೇ ಕುರ್ಚಿ ಅಲ್ಲವೇ? ಆ ಉರಿಯಲ್ಲಿ ಗುಣಾಕಾರ ಭಾಗಾಕಾರ ಮಾಡಿ, ನಮ್ಮ ಬಸ್ಸಿನವರ ಮೊಬೈಲ್ ಗುಂಪಿಗೆ ನಾಲ್ಕು ಸಾಲು ಬರೆದೆ:

"ನಮ್ಮ ವಿಠ್ಠಲಂದು ಒಂದು ಪಾಯಿಂಟಿಗೆ ಎರಡು ಲಕ್ಷ ಬಿತ್ತು. ಆ ರೊಕ್ಕದಾಗ ಎರಡು ಮುರ್ರಾ ಎಮ್ಮಿ ಬರತಿದ್ದುವು. ಹಿಡ್ಯಾಕ ಬರಲಿಲ್ಲಂದ್ರೂ ಹಾಲರ ಕೊಡತಿದ್ದುವು."

ನಗು ಬಂತೇ? ಎಲ್ಲರಿಗೂ ಬಂತು. ನಾನು ಇಷ್ಟು ವರ್ಷದಲ್ಲಿ ಬರೆದ ಕಚೇರಿಯ ಟಿಪ್ಪಣಿಗಳನ್ನು ಮೇಲಿನ ಸಾಹೇಬರು ಕೂಡ ಪೂರ್ತಿ ಓದಿದ್ದಿಲ್ಲ. ಈ ನಾಲ್ಕು ಸಾಲು ಎರಡೇ ದಿನದಲ್ಲಿ ತಾಲ್ಲೂಕು ದಾಟಿತು. ಯಾರೋ ಅದನ್ನು ಮರಾಠಿಗೂ ತಿರುಗಿಸಿದರು. ನಾಲ್ಕನೆಯ ದಿನ ಹುಬ್ಬಳ್ಳಿಯ ನನ್ನ ಷಡ್ಡಕ, ಯಾರೋ ಭಾರಿ ಬರೆದಾರ ನೋಡು ಎಂದು ನನಗೇ ಕಳಿಸಿದ. ಬರೆದವನ ಹೆಸರು ದಾರಿಯಲ್ಲೆಲ್ಲೋ ಉದುರಿತ್ತು. ಅದು ನನ್ನದು ಎಂದು ಷಡ್ಡಕನಿಗೆ ಫೋನ್ ಮಾಡಿ ಹೇಳಿದೆ. ಆಗ ನನಗಿದ್ದ ದುಃಖ ಹೆಸರು ಉದುರಿದ್ದು ಮಾತ್ರ.

ಆ ಮೇಲಿನ ಪಂದ್ಯಗಳಲ್ಲಿ ವಿಠ್ಠಲನ ಆಟ ಬದಲಾಯಿತು. ಎದುರಾಳಿ ಬಂದನೆಂದರೆ ಒಬ್ಬನೇ ಮುಂದೆ ನುಗ್ಗಿ ಕಾಲಿಗೆ ಬೀಳತೊಡಗಿದ. ಒಂದೆರಡು ಸಲ ಎದುರಾಳಿ ಸಿಕ್ಕಿದ. ಬಹಳ ಸಲ ಜಾರಿದ. ನಾನು ಕುರ್ಚಿಯಲ್ಲಿ ಕುಳಿತು, ನೋಡಿದೆಯಾ, ಔಷಧಿ ಹತ್ತಿತು ಎಂದು ಹೆಂಡತಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಯಾರಿಗೆ ಕುಡಿಸಿದಿರಿ ಎಂದು ಕೇಳಿದಳು. ನಾನು ಟಿವಿಯ ದನಿ ಏರಿಸಿದೆ.

ಕೊನೆಯ ಪಂದ್ಯದಲ್ಲಿ ಅರ್ಧ ನಿಮಿಷ ಉಳಿದಿತ್ತು. ಅವನ ತಂಡ ಒಂದು ಪಾಯಿಂಟ್ ಮುಂದಿತ್ತು. ಬಂದವನನ್ನು ಸುಮ್ಮನೆ ಬಿಟ್ಟು ಕಳಿಸಿದ್ದರೂ ಗೆಲುವು ಇವರದೇ. ವಿಠ್ಠಲ ಪಕ್ಕದವನ ಕೈ ಕೊಡವಿಕೊಂಡು ಒಬ್ಬನೇ ಹಾರಿದ. ಎದುರಿನವನು ಅವನನ್ನೂ, ಅವನ ಹಿಂದೆ ಓಡಿ ಬಂದ ಇನ್ನೊಬ್ಬನನ್ನೂ ಮುಟ್ಟಿ ದಾಟಿಹೋದ. ತಂಡ ಸೋತು ಹೊರಬಿತ್ತು. ಆಮೇಲೆ ಅವನು ಟಿವಿಯಲ್ಲಿ ಕಂಡಿದ್ದು ಬೆಂಚಿನ ಮೇಲೆ, ಮುಖಕ್ಕೆ ಟಾವೆಲ್ ಹಾಕಿಕೊಂಡು.

ಇದಾದ ತಿಂಗಳಿಗೆ ನನ್ನ ಕಚೇರಿಯ ಕಿಟಕಿಗೆ ಒಬ್ಬ ಮುದುಕ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಉತಾರದ ಕಾಗದ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿ ಬಿದ್ದಿತ್ತು. ಊರು, ಹೆಸರು ಓದಿ ನನಗೆ ಗುರುತು ಹತ್ತಿತು. ವಿಠ್ಠಲನ ಅಪ್ಪನಾ ಎಂದು ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ. ಕಿಟಕಿಯ ಕಟ್ಟೆಯನ್ನು ನೋಡುತ್ತ ಅಂದ:

"ಹೌದ್ರಿ. ನೀವೂ ಅಂದು ಬಿಡ್ರಿ."

ಏನನ್ನುವುದು ಎಂದು ಕೇಳಿದೆ. ಕೇಳುವಾಗಲೇ ನನಗೆ ಗೊತ್ತಿತ್ತು.

"ಎಮ್ಮೀದು."

ನಾನು ಕುರ್ಚಿ ಕೊಟ್ಟು ಕೂಡಿಸಿದೆ. ನಿಧಾನಕ್ಕೆ ಹೇಳಿದ. ನಂದಗಡದ ವಾರದ ಸಂತೆಗೆ ಹೋಗುವುದನ್ನು ಬಿಟ್ಟು ಎರಡು ತಿಂಗಳಾಯಿತಂತೆ. ಚಹಾದ ಅಂಗಡಿಯಲ್ಲಿ ಯಾರೋ ಅದನ್ನು ದೊಡ್ಡ ದನಿಯಲ್ಲಿ ಓದಿದರಂತೆ, ಇವನು ಅಲ್ಲೇ ಕುಳಿತಿದ್ದಾನೆಂದು ಗೊತ್ತಿದ್ದೇ. ಕುರಿ ಮಾರಲು ಈಗ ತಮ್ಮನನ್ನು ಕಳಿಸುತ್ತಾನೆ. ಅದು ಏನೂ ಅಲ್ಲ, ಜನ ಅಂದರೆ ಅನ್ನಲಿ. ಮಗ ಮೊದಲು ಊರಿಗೆ ಬಂದರೆ ಅವ್ವನನ್ನು ಪಡಸಾಲೆಯಲ್ಲಿ ನಿಲ್ಲಿಸಿ, ಅವಳ ಕೈ ಹಿಡಿದು, ಹೀಗೆ ನಿಂತೆ, ಹೀಗೆ ತಿರುಗಿದೆ ಎಂದು ಆಟವಾಡಿ ತೋರಿಸುತ್ತಿದ್ದ. ಅವಳು ನಕ್ಕು ನಕ್ಕು ಒಲೆಯ ಮೇಲಿನದನ್ನು ಮರೆಯುತ್ತಿದ್ದಳು. ಈಗ ಬಂದರೆ ಉಣ್ಣುತ್ತಾನೆ, ಮಲಗುತ್ತಾನೆ. ಆಟದ ಮಾತು ಮನೆಯಲ್ಲಿ ಹೊರಡುವುದೇ ಇಲ್ಲ.

"ಯಾರ ಬರದಾರೋ ಏನೋ," ಎಂದ ಬೀರಪ್ಪ. "ಶಾಣ್ಯಾರ ಇರಬೇಕ್ರಿ. ಲೆಕ್ಕಾ ಛಲೋ ಬರತದ ಅವರಿಗೆ."

ಆಗ ಹೇಳಬೇಕಿತ್ತು. ಎದ್ದು ನಿಂತು, ನಾನೇ ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು, ಇಲ್ಲೇ ಕುಂದರ್ರಿ, ಕಾಗದ ಈಗ ಮಾಡಿ ಕೊಡತೀನಿ ಎಂಬ ಮಾತು. ಸಾಮಾನ್ಯವಾಗಿ ಮೂರು ವಾರ ಹಿಡಿಯುವ ಕೆಲಸವನ್ನು ನಾನೇ ನಾಲ್ಕು ಮೇಜು ಸುತ್ತಿ ಒಂದು ತಾಸಿನಲ್ಲಿ ಮುಗಿಸಿದೆ. ಕ್ಷಮೆ ಕೇಳಲು ನನಗೆ ಗೊತ್ತಿದ್ದ ಭಾಷೆ ಅದೊಂದೇ. ಬೀರಪ್ಪ ಅದನ್ನು ಹಾಗೆ ತಿಳಿಯಲಿಲ್ಲ. ಸರ್ಕಾರದ ಕೆಲಸ ಈಗ ಭಾಳ ಸುಧಾರಿಸಿದೆ ಎಂದು ಕೈಮುಗಿದು ಹೋದ. ಅವನು ಹೋದ ಮೇಲೆ ನನ್ನ ಮೇಜಿನ ಮೇಲೆ ಉಳಿದ ಕಡತಗಳನ್ನು ಎಣಿಸಿದೆ. ಈ ತಿಂಗಳು ಎಷ್ಟು ವಿಲೇವಾರಿ ಮಾಡಿದ್ದೇನೆ, ಒಂದು ಕಡತಕ್ಕೆ ನನ್ನ ಪಗಾರ ಎಷ್ಟು ಬಿತ್ತು ಎಂದು ಖಾನಾಪುರದ ರೈತರು ಯಾರಾದರೂ ಭಾಗಾಕಾರ ಮಾಡಿದರೆ? ಅವರಿಗೂ ಎಮ್ಮೆಯ ದರ ಗೊತ್ತಿದೆ.

ಮರುವರ್ಷದ ಹರಾಜಿನಲ್ಲಿ ವಿಠ್ಠಲನ ಹೆಸರು ಬಂದಾಗ ಯಾರೂ ಕೂಗಲಿಲ್ಲ. ಪೀರನವಾಡಿಯ ಒಂದು ಪಾರ್ಸಲ್ ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ್ದಾನೆ ಎಂದು ಪಾಯಪ್ಪ ಹೇಳಿದ. ಅವನು ಹೇಳಿದ್ದಷ್ಟೇ, ನನ್ನ ಮುಖ ನೋಡಲಿಲ್ಲ, ಅದೇ ಕಷ್ಟವಾಯಿತು. ನಮ್ಮ ಬಸ್ಸು ಪೀರನವಾಡಿಯ ಮೇಲೆಯೇ ಹೋಗುತ್ತದೆ. ನೀಲಿ ತಗಡಿನ ಆ ಗೋದಾಮು ರಸ್ತೆಗೆ ಕಾಣುತ್ತದೆ. ಐದು ತಿಂಗಳು ದಿನಕ್ಕೆರಡು ಸಲ ಅದರ ಮುಂದೆ ಹಾಯ್ದೆ. ಹೋಗುವಾಗ, ಬರುವಾಗ ಇಳಿಯೋಣ ಎನ್ನುತ್ತಿದ್ದೆ. ಬರುವಾಗ, ಹೊತ್ತಾಯಿತು, ನಾಳೆ ಎನ್ನುತ್ತಿದ್ದೆ.

ಒಂದು ಶನಿವಾರ ಮಧ್ಯಾಹ್ನ ಇಳಿದೆ. ಊಟದ ಬಿಡುವಿನ ಹೊತ್ತು. ವಿಠ್ಠಲ ಖಾಕಿ ಅಂಗಿ ಹಾಕಿಕೊಂಡು, ಒಂದು ಪಟ್ಟಿ ಹಿಡಿದು ಪೆಟ್ಟಿಗೆಗಳ ಮೇಲೆ ಗುರುತು ಮಾಡುತ್ತಿದ್ದ. ನನ್ನನ್ನು ನೋಡಿದ ಕೂಡಲೇ ನಕ್ಕ; ಅದೇ ನಗು. ಪಾಯಪ್ಪಣ್ಣ ಆರಾಮ ಅದಾರೇನ್ರಿ ಎಂದು ಮೊದಲು ಕೇಳಿದ. ಚಹಾ ತರಿಸಿದ. ನಾನು ಚಹಾ ಕುಡಿದರೆ ಮಾತು ಮತ್ತೆ ಒಳಗೆ ಹೋಗುತ್ತದೆಂದು ಕಪ್ಪನ್ನು ಹಾಗೆಯೇ ಹಿಡಿದು, ಆ ಎಮ್ಮೆಯ ಮಾತು ಬರೆದವನು ನಾನು ಎಂದು ಹೇಳಿದೆ.

ಅವನು ಪಟ್ಟಿಯನ್ನು ಮಡಚಿ ಕಿಸೆಯಲ್ಲಿಟ್ಟ. ನಗು ಹೋಗಿರಲಿಲ್ಲ, ಆದರೆ ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯದಂತಾಗಿತ್ತು.

"ಯಾರಂತ ಗೊತ್ತಿರಲಿಲ್ರಿ," ಎಂದ. "ಗೊತ್ತಿಲ್ಲದ್ದ ಛಲೋ ಇತ್ತು."

ಹಗುರಾಗಲೆಂದು ಹೇಳಿದ ಮಾತಿನ ಭಾರ ಎಲ್ಲಿಗೆ ಹೋಯಿತು ಎಂದು ಅಲ್ಲಿ ಕಣ್ಣಾರೆ ಕಂಡೆ. ಬಸ್ಸಿನಲ್ಲಿ ತಿಂದ ರೊಟ್ಟಿಯ ನೆನಪೊಂದು ಅವನಲ್ಲಿ ಸ್ವಚ್ಛವಾಗಿ ಉಳಿದಿತ್ತು. ಅದನ್ನೂ ನಾನು ಹೋಗಿ ಕೆಡಿಸಿ ಬಂದೆ.

ಏನಾದರೂ ಕೇಳಬೇಕೆಂದು, ಅವತ್ತು ಯಾಕೆ ಒಬ್ಬನೇ ಹಾರಿದೆ ಎಂದು ಕೇಳಿದೆ. ಅವನು "ಕೈ ಕೊಡ್ರಿ" ಎಂದ.

ನನ್ನ ಮಣಿಕಟ್ಟನ್ನು ಹಿಡಿದ. ಬಿಗಿಯಾಗಿ ಅಲ್ಲ, ಆದರೆ ಬಿಡಿಸಿಕೊಳ್ಳಲಾಗದಂತೆ. ಮುಂದೆ ಹೋಗಿ ಆ ಪೆಟ್ಟಿಗೆ ಮುಟ್ಟಿರಿ ಎಂದ. ನಾನು ಹೋದೆ, ಅವನು ನನ್ನ ಜೊತೆಯೇ ಒಂದು ಅಂಗುಲ ಹಿಂದೆ ಬಂದ. ಹಿಂದೆ ಸರಿದೆ, ನನ್ನ ಮೈ ವಾಲಿದ ಕಡೆ ಅವನ ಭಾರ ಸಿದ್ಧವಾಗಿತ್ತು. ಬೀಳುತ್ತೇನೆ ಎಂಬ ಭಯವೇ ಆಗಲಿಲ್ಲ. ಐವತ್ತೆಂಟು ವರ್ಷದ ಈ ದೇಹ ಗೋದಾಮಿನ ಕಲ್ಲುನೆಲದ ಮೇಲೆ ಎರಡು ಹೆಜ್ಜೆ ಹಾರಿಯೇಬಿಟ್ಟಿತು. ಅತ್ತ ಕುಳಿತು ಉಣ್ಣುತ್ತಿದ್ದ ಹಮಾಲರು ನೋಡಿ ನಕ್ಕರು.

"ನಂದು ಹಿಡಿಯೂ ಕೆಲಸ ಅಲ್ರಿ, ಸರ್," ಎಂದ ವಿಠ್ಠಲ, ನನ್ನ ಕೈ ಬಿಡದೆ. "ಹಿಡಿಯಾವನ ಕೈ ಹಿಡಿಯೂ ಕೆಲಸ. ನಾ ಇದ್ದೀನಿ ಅಂತ ಅಂವ ಮುಂದ ಹೋಗತಾನ. ಪಾಯಿಂಟ್ ಅವನ ಹೆಸರಿಗೆ ಬೀಳತದ. ಅದಕ್ಕ ನನ್ನ ಹನ್ನೆರಡು ಲಕ್ಷಕ್ಕ ತಗೊಂಡಿದ್ರು."

ಹರಿಯಾಣದ ಹುಡುಗನ ಮೂವತ್ತು ಪಾಯಿಂಟು ನನಗೆ ನೆನಪಾದವು. ನನ್ನ ಭಾಗಾಕಾರದಲ್ಲಿ ಮೇಲಿನ ಅಂಕಿ ಸರಿಯಿತ್ತು. ಕೆಳಗೆ ಏನನ್ನು ಇಡಬೇಕು ಎಂಬುದು ಗೊತ್ತಿರಲಿಲ್ಲ. ದುಡ್ಡು ಕೊಟ್ಟವರಿಗೆ ತಾವು ಏನನ್ನು ಕೊಳ್ಳುತ್ತಿದ್ದೇವೆಂದು ಚೆನ್ನಾಗಿ ಗೊತ್ತಿತ್ತು. ಒಂದು ಪೈಸೆ ಕೊಡದ ನಾನೇ ಮೋಸಹೋದವನಂತೆ ಕೂಗಿದ್ದು.

ಆ ಸಂದೇಶ ಅವನಿಗೂ ಹೋಗಿ ಮುಟ್ಟಿತ್ತಂತೆ. ತಂಡದ ಕೋಣೆಯಲ್ಲಿ ಒಬ್ಬ ಅದನ್ನು ಹಿಂದಿಯಲ್ಲಿ ಬಿಡಿಸಿ ಹೇಳಿದನಂತೆ, ಎಲ್ಲರೂ ನಕ್ಕರಂತೆ, ಇವನೂ ನಕ್ಕನಂತೆ. ಮರುದಿನ ಪಂದ್ಯದಲ್ಲಿ ಪಕ್ಕದವನ ಕೈ ಹಿಡಿದಾಗ, ಇದು ಅವನ ಹೆಸರಿಗೆ ಹೋಗುತ್ತದೆ ಎಂಬ ಯೋಚನೆ ಮೊದಲ ಬಾರಿಗೆ ಬಂತು. ಆಮೇಲೆ ಅದು ಹೋಗಲಿಲ್ಲ. ತರಬೇತಿ ಕೊಡುವವರು ಬೈದರು, ಸಮಾಧಾನ ಹೇಳಿದರು. ಅವನಿಗೆ ಅಪ್ಪ ಸಂತೆ ಬಿಟ್ಟದ್ದು ಗೊತ್ತಿತ್ತು. ತನ್ನ ಹೆಸರಿಗೆ ನಾಲ್ಕು ಪಾಯಿಂಟು ಬಿದ್ದರೆ ಅಪ್ಪ ಮತ್ತೆ ಸಂತೆಗೆ ಹೋದಾನು ಎಂದುಕೊಂಡ.

ಈಗ ಆಡುವುದಿಲ್ಲವೇ ಎಂದು ಕೇಳಿದೆ. ಇಲ್ಲೇ ಪೀರನವಾಡಿಯಲ್ಲಿ ಹುಡುಗರ ಒಂದು ತಂಡವಿದೆ, ಕರೆಯುತ್ತಾರೆ, ಒಂದೆರಡು ಸಲ ಹೋಗಿದ್ದೆ ಎಂದ.

"ಕೈ ಹಿಡಿದ ಕೂಡ್ಲೆ ಲೆಕ್ಕ ಬರತದ್ರಿ," ಎಂದ. "ಹಂಗ ಆಡಾಕ ಬರೂದಿಲ್ಲ."

ಹೊರಗೆ ಲಾರಿಯೊಂದು ಹಿಮ್ಮುಖವಾಗಿ ಬಂದು ನಿಂತಿತು. ಅವನು ನನ್ನ ಕೈ ಬಿಟ್ಟು, ಬರತೀನ್ರಿ ಎಂದು ಪಟ್ಟಿ ತೆಗೆದುಕೊಂಡು ಹೋದ. ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಿಯೂ ಇರಲಿಲ್ಲ. ತಪ್ಪು ಒಪ್ಪಿಕೊಳ್ಳುವ ಗಡಿಬಿಡಿಯಲ್ಲಿ ಕ್ಷಮೆ ಕೇಳುವುದು ಮರೆತೇಹೋಗಿತ್ತು ಎಂದು ಹೊಳೆದದ್ದು ಬಸ್ಸು ಹತ್ತಿದ ಮೇಲೆ.

ಮುಂದಿನ ಭಾನುವಾರ ಪಾಯಪ್ಪನನ್ನು ಕರೆದುಕೊಂಡು ಬೀರಪ್ಪನ ಮನೆಗೆ ಹೋದೆ. ಅಲ್ಲಿ ಮಾತ್ರ ಸರಿಯಾದ ಕ್ರಮದಲ್ಲಿ ಹೇಳಿದೆ: ಮೊದಲು ಕ್ಷಮೆ, ಆಮೇಲೆ ತಪ್ಪು. ಮುದುಕ ಕೇಳಿಸಿಕೊಂಡು, ಕಾಗದ ಅದಕ್ಕ ಲಗೂನ ಆಗಿತ್ತೇನ್ರಿ ಎಂದು ಕೇಳಿದ. ಹೌದೆಂದೆ. ಸರ್ಕಾರದ ಮೇಲೆ ಅವನಿಗೆ ಹೊಸದಾಗಿ ಹುಟ್ಟಿದ್ದ ನಂಬಿಕೆಯೂ ಹೀಗೆ ನನ್ನಿಂದಲೇ ಹೋಯಿತು. ಮಜ್ಜಿಗೆ ಕೊಟ್ಟರು, ಕುಡಿದೆವು. ಅವನು ಈಗ ಸಂತೆಗೆ ಹೋಗುತ್ತಾನೆ ಎಂದು ಕೇಳಿದ್ದೇನೆ. ಹೋಗುತ್ತಾನೆ, ಆದರೆ ಚಹಾದ ಅಂಗಡಿಯಲ್ಲಿ ಕೂಡುವುದಿಲ್ಲವಂತೆ.

ಹಾಗಾದರೆ ಆಟಗಾರನ ಸಂಬಳ ನೋಡಿ ಆಟ ಅಳೆಯಬಾರದೇ ಎಂದು ನೀವು ಕೇಳಬಹುದು. ನನಗೆ ಖಚಿತವಾಗಿ ಹೇಳಲು ಬರುವುದಿಲ್ಲ. ಕೋಟಿ ತೆಗೆದುಕೊಂಡು ಮೈಗಳ್ಳತನ ಮಾಡುವವರೂ ಇದ್ದಾರು. ಅವರನ್ನು ಹಿಡಿಯುವ ಕಣ್ಣು ಬೇರೆಯವರಿಗಿರಲಿ. ನನ್ನ ಕಣ್ಣಿನ ಅಳತೆ ನನಗೆ ಗೊತ್ತಾಗಿದೆ.

ಈ ವರ್ಷದ ಪಂದ್ಯಗಳು ಮತ್ತೆ ಶುರುವಾಗಿವೆ. ಮೊನ್ನೆ ಬೆಳಿಗ್ಗೆ ಬಸ್ಸಿನವರ ಗುಂಪಿನಲ್ಲಿ ಯಾರೋ ಒಂದು ತುಣುಕು ಹಾಕಿದ್ದರು. ದುಬಾರಿ ಆಟಗಾರನೊಬ್ಬ ಎದುರಾಳಿಯ ಸೊಂಟಕ್ಕೆ ಬಿದ್ದು ಭರ್ಜರಿಯಾಗಿ ಕೆಡವುವ ದೃಶ್ಯ. ಇವನಿಗೆ ಕೊಟ್ಟ ರೊಕ್ಕ ಸಾರ್ಥಕ ಎಂದು ಕೆಳಗೆ ಹತ್ತಾರು ಮಂದಿ ಬರೆದಿದ್ದರು. ನಾನು, ಅವನ ಬಾಜೂಕ್ಕೆ ಇದ್ದವನು ಯಾರು ಎಂದು ಬರೆದೆ. ಯಾರೂ ಉತ್ತರಿಸಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಪಾಯಪ್ಪ ಕನ್ನಡಕ ಏರಿಸಿ, ಅದೇ ತುಣುಕನ್ನು ಮೂರು ನಾಲ್ಕು ಸಲ ತಿರುಗಿಸಿ ನೋಡಿದ. ಆಮೇಲೆ ಪರದೆಯ ಎಡ ಅಂಚಿಗೆ ಬೆರಳಿಟ್ಟ.

"ಇಲ್ಲೆ ಅದಾನ ನೋಡು. ಕೈ ಅಷ್ಟ ಕಾಣತದ."

ಖರೇ. ಅಂಚಿನಲ್ಲಿ ಮೊಣಕೈಯವರೆಗಿನ ಒಂದು ಕೈ, ಮುಖವಿಲ್ಲ, ಹೆಸರಿಲ್ಲ. ಬಸ್ಸು ದೇಸೂರಿಗೆ ಬರುವವರೆಗೆ ನಾವಿಬ್ಬರೂ ಅದನ್ನೇ ನೋಡಿದೆವು. ಆ ಕೈಯವನಿಗೆ ಎಷ್ಟು ಕೊಟ್ಟಿರಬಹುದು ಎಂಬ ಯೋಚನೆ ನನಗೆ ಬಂದೇಬಂತು. ಹಳೆಯ ಚಟ, ಅಷ್ಟು ಸುಲಭವಾಗಿ ಬಿಡುವುದಿಲ್ಲ. ಆದರೆ ಈ ಸಲ, ಎಷ್ಟು ಕೊಟ್ಟಿದ್ದರೂ ಕಡಿಮೆಯೇ ಆಗಿರಬೇಕು ಅನ್ನಿಸಿತು.